ಹಿತ್ತಲ ಕಾಲುವೆಯಲ್ಲೊಂದು ತೆಪ್ಪೋತ್ಸವ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಸೇತುವೆ ಮೇಲೆ ನಿಂತು ನನ್ನನ್ನು ನೋಡಿದವರು ಹತ್ತು ಜನವೋ ಮೂವತ್ತೋ ಗೊತ್ತಿಲ್ಲ. ನಾನು ಈ ಕಥೆ ಹೇಳಿದಷ್ಟೂ ಅಲ್ಲಿ ಜನ ಜಾಸ್ತಿಯಾಗುತ್ತಿದ್ದಾರೆ. ಆದರೆ ಕಳೆದ ಭಾನುವಾರ ವಸಂತಪುರದ ಒಂದು ಕಾಲುವೆಯಲ್ಲಿ ನಾನು ಒಬ್ಬಳೇ ಕಯಾಕ್ ನಡೆಸಿದ್ದು ಮಾತ್ರ ನಿಜ. ಮೂರು ಸಲ ಒಗೆದರೂ ಪ್ಯಾಂಟಿನ ವಾಸನೆ ಹೋಗಿಲ್ಲ.

ಕಯಾಕ್ ಅಂದರೆ ಒಬ್ಬರು ಕೂರುವ ಪುಟ್ಟ ದೋಣಿ. ನನ್ನದು ಗಾಳಿ ತುಂಬಿಸುವಂಥದ್ದು. ಕಾರವಾರದ ಟ್ರಿಪ್‌ಗೆಂದು ಕೊಂಡೆ. ಟ್ರಿಪ್ ಕ್ಯಾನ್ಸಲ್ ಆಯಿತು, ದೋಣಿ ಬಿಳೇಕಹಳ್ಳಿಯ ನಮ್ಮ ಫ್ಲ್ಯಾಟಿನ ಅಟ್ಟ ಸೇರಿತು. (ಟ್ರೆಡ್‌ಮಿಲ್ ಮೇಲೆ ಟವೆಲ್ ಒಣಗಿಸುವ ನೀವು ನಗಬೇಡಿ.)

ವಸಂತಪುರದಲ್ಲಿರುವುದು ನನ್ನ ಅಪ್ಪನ ತಂಗಿ, ಪದ್ಮತ್ತೆ. ಅಜ್ಜನ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಮೂರು ಅಂತಸ್ತಿನ ಮನೆ. ಮೇಲೆಲ್ಲ ಬಾಡಿಗೆಯವರು, ಕೆಳಗೆ ಅತ್ತೆ. ಹಿತ್ತಲಿಗೆ ಅಂಟಿಕೊಂಡೇ ಕಾಲುವೆ. ಜೋರು ಮಳೆ ಬಂದರೆ ಅದು ಹೇಳದೆ ಕೇಳದೆ ಅತ್ತೆಯ ಅಡುಗೆಮನೆಗೆ ಬರುತ್ತದೆ. ಶನಿವಾರವೂ ಬಂದಿತ್ತು. ನಾನು ಹೋದಾಗ ಅತ್ತೆ ಸೀರೆ ಎತ್ತಿ ಕಟ್ಟಿ, ಪೊರಕೆಯಿಂದ ನೀರನ್ನು ಹಿತ್ತಲಿಗೆ ನೂಕುತ್ತಿದ್ದರು. ಹಿತ್ತಲ ಮೆಟ್ಟಿಲವರೆಗೂ ತುಂಬಿ ನಿಂತಿದ್ದ ಕಾಲುವೆ ಇಳಿಯುವ ಲಕ್ಷಣವೇ ಇರಲಿಲ್ಲ.

"ಇನ್ನೊಂದ್ ಮಳೆ ಬಂದ್ರೆ ಗೋಡೆನೇ ಹೋಯ್ತು ಅಂದ್ಕೋ. ಎಲ್ಲಾ ಆ ಅಪಾರ್ಟ್‌ಮೆಂಟ್‌ನೋರದ್ದೇ ಕಣೆ. ಸೋಫಾ, ಹಾಸಿಗೆ ಎಲ್ಲಾ ತಂದು ಕಾಲುವೆಗೆ ಬಿಸಾಕ್ತಾರೆ. ಓದಿದೋರು!"

ನನ್ನನ್ನು ನೋಡಿಕೊಂಡೇ ಹೇಳಿದರು. ನಾನು ಅಪಾರ್ಟ್‌ಮೆಂಟಿನವಳು. ಓದಿದವಳೂ ಹೌದು.

"ಎಲ್ಲಿ ಕಟ್ಕೊಂಡಿದೆ ಅಂತ ಯಾರಾದ್ರೂ ನೋಡಿದ್ದಾರಾ ಅತ್ತೆ?"

"ಹೆಂಗ್ ನೋಡೋದು? ಎರಡೂ ಕಡೆ ಕಾಂಪೌಂಡು. ಹಾರ್ಕೊಂಡ್ ಹೋಗಕ್ಕಾಗತ್ತಾ?"

ಆಗಲೇ ನನಗೆ ಕಾರಿನ ಡಿಕ್ಕಿಯಲ್ಲಿದ್ದ ಕಯಾಕ್ ನೆನಪಾಯಿತು. ಹೀಗಂತ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದೇನೆ. ಹಾಗಾದರೆ ಅಟ್ಟದಲ್ಲಿದ್ದ ದೋಣಿ ಅವತ್ತೇ ಡಿಕ್ಕಿಗೆ ಹೇಗೆ ಬಂತು? ಅತ್ತೆಯ ಗೋಡೆ ಉಳಿಸಲು ಹೊರಟೆನೋ, ತುಂಬಿದ ಕಾಲುವೆ ನೋಡುವ ಆಸೆಗೋ? ಆಸೆ ಮೊದಲು, ಕಾರಣ ಆಮೇಲೆ ಎಂದು ನನಗೇ ಅನುಮಾನ.

"ಅಯ್ಯೋ, ಬಾಡಿಗೆಯವ್ರೆಲ್ಲಾ ಬಾಲ್ಕನೀಲಿ ನಿಂತವ್ರೆ. ನನ್ ಮಾನ ಕಳೀಬೇಡ್ವೇ!" ಎಂದು ಅತ್ತೆ ಕೂಗುತ್ತಿರುವಾಗಲೇ ನಾನು ಗಾಳಿ ತುಂಬಿಸಿದ ದೋಣಿ ಹತ್ತಿ ಮೆಟ್ಟಿಲಿಂದ ತೇಲಿಬಿಟ್ಟೆ.

ಏನು ಹೇಳಲಿ! ನಾವು ನೋಡುವ ಊರು ಮುಂಬಾಗಿಲಿನದು: ಗ್ರಾನೈಟು, ಗೇಟು, ನಾಯಿ ಇದೆ ಎಚ್ಚರಿಕೆ. ಕಾಲುವೆಯಿಂದ ಕಾಣುವುದು ಅದರ ಬೆನ್ನು. ಒಣಗಲು ಹಾಕಿದ ನೈಟಿಗಳು, ಬಕೆಟ್ಟಿನಲ್ಲಿ ಬೆಳೆದ ಕರಿಬೇವು, ಹಲ್ಲುಜ್ಜುತ್ತಾ ಬಾಯಿ ತೆರೆದು ನಿಂತುಬಿಟ್ಟ ಒಬ್ಬ ಅಂಕಲ್. ಎರಡೂ ಕಡೆಯ ಹೊಂಗೆಮರಗಳು ಬಾಗಿ ಹಸಿರು ಸುರಂಗವಾಗಿದ್ದವು. ಮುರಿದ ಕೊಂಬೆ, ತೆಂಗಿನ ಗರಿಗಳ ಕೆಳಗೆ ತಲೆ ತಗ್ಗಿಸಿ ಹುಟ್ಟು ಹಾಕುತ್ತಾ ಹೋದೆ. ಒಂದು ಮಿಂಚುಳ್ಳಿಯನ್ನೂ ನೋಡಿದೆ. ನೀಲಿ ಪ್ಲಾಸ್ಟಿಕ್ ಕವರ್ ಇದ್ದರೂ ಇರಬಹುದು. ಮೂಗು ಮುಚ್ಚಿಕೊಂಡರೆ ಥೇಟ್ ಕಾರವಾರ.

ತಿರುವಿನಾಚೆ ಸೇತುವೆ. ಅದರ ಬಾಯಿಗೆ ಅಡ್ಡವಾಗಿ ಮರದ ರಾಶಿ.

ಸೋಫಾ ಹುಡುಕಿದೆ. ಒಂದೂ ಇರಲಿಲ್ಲ. ಒಂದು ದೊಡ್ಡ ಹೊಂಗೆ ಕೊಂಬೆ ಸೇತುವೆಯ ಕಂಬಕ್ಕೆ ಸಿಕ್ಕಿಕೊಂಡಿತ್ತು. ಅದರ ಹಿಂದೆ ದೇವರ ಪಟಗಳ ಚೌಕಟ್ಟು, ಗೌರಿ ಕೂರಿಸುವ ಹಲಗೆ, ಬಾಳೆಕಂದು, ಕಾಲು ಮುರಿದ ಮಣೆಗಳು, ಕುಂಕುಮ ಮೆತ್ತಿದ ಹಳೆಯ ಹೊಸ್ತಿಲು. ಕಸದ ಗಾಡಿಗೆ ಹಾಕುವಂತಿಲ್ಲ, ಒಲೆಗೆ ಇಡುವಂತಿಲ್ಲ, ಹರಿಯುವ ನೀರಿಗೆ ಬಿಡಬೇಕು ಅನ್ನುತ್ತೇವಲ್ಲ, ಅವೆಲ್ಲ. ಹರಿಯುವ ನೀರನ್ನು ನಿಲ್ಲಿಸಿದ್ದು ಅವೇ.

ಹುಟ್ಟಿನಿಂದ ತಳ್ಳಿದೆ, ಅಲ್ಲಾಡಲಿಲ್ಲ. ಕಾಲಿನಿಂದ ಒದೆಯಬೇಕು ಎಂದು ಕಾಲು ಚಾಚಿದೆ. ಪಾದ ಒಂದು ಪಟದ ಚೌಕಟ್ಟಿಗೆ ತಾಗಿತು. ತಕ್ಷಣ ಕೈ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಎಂ.ಎ.ಯಲ್ಲಿ ತರ್ಕಶಾಸ್ತ್ರದ ಉತ್ತರ ಬರೆದ ಕೈ ಅದು!

"ಗುರು, ಆಂಟಿ ಸಖತ್ತಾಗವ್ರೆ, ವಿಡಿಯೋ ಮಾಡೋ!" ಎಂದಿತು ಮೇಲಿಂದ ಒಂದು ದನಿ.

"ಮೇಡಂ, ಮೀನು ಸಿಕ್ತಾ?"

"ಇಳ್ಕೊಂಡ್ ಎಳೀರಿ ಅಕ್ಕಾ, ಮೊಣಕಾಲುದ್ದ ನೀರಷ್ಟೇ!"

"ಕೆಸರೆಷ್ಟಿದೆ ಅಂತ ನೀವೇ ಇಳಿದು ಹೇಳಿ ಸಾರ್," ಅಂದೆ. ಯಾರೂ ಇಳಿಯಲಿಲ್ಲ. ಸಲಹೆ ಮಾತ್ರ ಧಾರಾಳವಾಗಿ ಬಂತು.

ಕೊನೆಗೆ ಕೊಂಬೆಗೂ ಕಂಬಕ್ಕೂ ನಡುವೆ ಬೆಣೆಯ ಹಾಗೆ ಕೂತಿದ್ದ ಒಂದು ಮರದ ಪೆಟ್ಟಿಗೆಯಂಥದ್ದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಬಂತು. ದೇವರ ಮಂಟಪ. ಹುಳು ತಿಂದಿತ್ತು. ಎರಡೂ ಬದಿಗೆ ಕೆತ್ತಿದ ಗಿಳಿಗಳು, ಒಂದು ಹಸಿರು, ಇನ್ನೊಂದು ನೀಲಿ.

ನಮ್ಮ ಅಜ್ಜನ ಮಂಟಪದಲ್ಲೂ ಒಂದು ಗಿಳಿ ನೀಲಿ. ಹಸಿರು ಪೇಂಟ್ ಮುಗಿದುಹೋಗಿ, ಕಿಟಕಿ ಸರಳಿಗೆ ಬಳಿದು ಉಳಿದ ನೀಲಿಯನ್ನು ಅಜ್ಜ ಬಳಿದಿದ್ದರು. ಅತ್ತೆ ಹೊಸ ಪೂಜಾ ರೂಮು ಕಟ್ಟಿಸಿದಾಗ ಆ ಮಂಟಪವನ್ನು ಶ್ರೀರಂಗಪಟ್ಟಣಕ್ಕೆ ಒಯ್ದು, ಸಂಗಮದಲ್ಲಿ ಕಾವೇರಿಗೆ ಬಿಟ್ಟು ಬಂದರು. ಹಾಗೆಂದು ಇಡೀ ಬಳಗಕ್ಕೆ ಗೊತ್ತು. ಅಥವಾ ಅಜ್ಜನ ಗಿಳಿ ನೀಲಿ ಎಂಬುದೇ ನನ್ನ ತಪ್ಪು ನೆನಪೇ? ವಸಂತಪುರದ ಎಷ್ಟು ಮನೆಗಳಲ್ಲಿ ಹಸಿರು ಪೇಂಟ್ ಅರ್ಧಕ್ಕೇ ಮುಗಿದಿರಬಹುದು?

ಯೋಚಿಸುವಷ್ಟರಲ್ಲಿ ರಾಶಿ ಲಟಲಟ ಅಂದಿತು. ಬೆಣೆ ತಪ್ಪಿದ ಕೊಂಬೆ ಸರಿಯಿತು, ನೀರು ಗುಳುಗುಳು ಎಂದು ಸೇತುವೆಯೊಳಗೆ ನುಗ್ಗಿತು. ನಾನು ದಡದ ಮರದ ಬೇರನ್ನು ಗಟ್ಟಿಯಾಗಿ ತಬ್ಬಿ ಹಿಡಿದೆ. (ವಿಡಿಯೋದಲ್ಲಿ ಈ ಭಾಗ ಇಲ್ಲದಿರಲಿ.) ಸೆಳೆತ ತಗ್ಗಿದ ಮೇಲೆ ಮಂಟಪವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲಿಂದ ಹುಟ್ಟು ಹಾಕುತ್ತಾ ವಾಪಸ್ ಹೊರಟೆ. ಸೇತುವೆಯ ಮೇಲೆ ತರಕಾರಿ ಚೀಲ ಹಿಡಿದಿದ್ದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು.

"ಯಾವ್ ದೇವ್ರಮ್ಮ?"

"ಖಾಲಿ ಇದೆ ಅಕ್ಕ, ದೇವ್ರಿಲ್ಲ."

"ಇರ್ಲಿ ಬಿಡಿ," ಎಂದು ಇನ್ನೊಮ್ಮೆ ಮುಗಿದರು. "ತೆಪ್ಪೋತ್ಸವ ಮೇಡಂ!" ಎಂದು ಯಾರೋ ಶಿಳ್ಳೆ ಹೊಡೆದರು.

ಹಿತ್ತಲು ತಲುಪುವಷ್ಟರಲ್ಲಿ ನೀರು ಎರಡು ಮೆಟ್ಟಿಲು ಇಳಿದಿತ್ತು. ಒಂದೇ ಅಂತಾರೆ ಅತ್ತೆ. ಆದರೆ ಅವರು ನೋಡುತ್ತಿದ್ದುದು ಮೆಟ್ಟಿಲನ್ನಲ್ಲ, ಮಂಟಪವನ್ನು.

"ಯಾರ್ ಮನೇದೋ ಏನೋ, ತಂದ್ಬಿಟ್ಯಲ್ಲೇ," ಎಂದರು.

"ಸಂಗಮದಿಂದ ಎದುರು ಈಜ್ಕೊಂಡ್ ಬಂದಿರ್ಬೇಕು ಅತ್ತೆ."

"ಕಾಫಿ ಕುಡೀತೀಯಾ?"

ಕಾಫಿ ಕುಡಿದೆ. ಬಚ್ಚಲಿಂದ ಬಂದು ನೋಡಿದರೆ, ಯಾರ ಮನೆಯದೋ ಆದ ಆ ಮಂಟಪವನ್ನು ಅತ್ತೆ ತೊಳೆದು, ಒರೆಸಿ, ನೀಲಿ ಗಿಳಿಯ ಕೊಕ್ಕಿನಿಂದ ಕೆಸರು ತೆಗೆದು, ಅರಿಶಿನ ಕುಂಕುಮ ಇಟ್ಟುಬಿಟ್ಟಿದ್ದರು. ಇನ್ನು ಅದನ್ನು ಎಸೆಯುವ ಧೈರ್ಯ ಯಾರಿಗಿದೆ? ನನಗಂತೂ ಇಲ್ಲ.

ಈಗಲೂ ಅದು ಅತ್ತೆಯ ಹಿತ್ತಲಲ್ಲೇ ಇದೆ. ಇವತ್ತು ಮತ್ತೆ ಮೋಡ ಕಟ್ಟಿದೆ. ಫೋನ್ ಮಾಡಿ ಒಂದೇ ಒಂದು ಮಾತು ಕೇಳಿದೆ. ಬಾಡಿಗೆಯವರು ಕರೀತಿದ್ದಾರೆ ಎಂದು ಫೋನ್ ಇಟ್ಟ ಅತ್ತೆ ಇನ್ನೂ ವಾಪಸ್ ಮಾಡಿಲ್ಲ.

"ಅತ್ತೆ, ಅದನ್ನ ಈಗ ಎಲ್ಲಿ ಬಿಡ್ತೀರಾ?"