ಚೌಕಟ್ಟಿಗೆ ಜಡಿದ ಕಾರ್ಡು

ಆಳಂದದ ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ಓಣಿಯಲ್ಲಿ ಹೀರಾಬಾಯಿಯ ಖಾನಾವಳಿ ಇತ್ತು. ಅದಕ್ಕೆ ಹೆಸರಿನ ಹಲಗೆ ಇರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ಹಸಿದವರು ಬಾಗಿಲು ಗುರುತಿಸುತ್ತಿದ್ದರು. ಮಾದನಹಿಪ್ಪರಗಾದಲ್ಲಿ ಹುಟ್ಟಿ, ನಿಂಬರ್ಗಾಕ್ಕೆ ಸೊಸೆಯಾಗಿ ಹೋಗಿ, ಮೂವತ್ತು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡ ಈ ತಾಯಿ ಒಂದು ಹಂಚು, ಹಿಟ್ಟು ನಾದುವ ಒಂದು ಪರಾತ ಹೊತ್ತು ಆಳಂದಕ್ಕೆ ಬಂದವಳು. ಕಾಯಕವನ್ನು ಪೂಜೆಯೆಂದು ನಾವು ವೇದಿಕೆಯ ಮೇಲೆ ನಿಂತು ಹೇಳುತ್ತೇವೆ. ಆಕೆ ಅದನ್ನು ಹೇಳದೆ ಮಾಡುತ್ತಿದ್ದಳು. ಮೇಷ್ಟ್ರುಗಳು, ಬಸ್ಸಿನ ಕಂಡಕ್ಟರುಗಳು, ಪ್ರವಚನಕ್ಕೆಂದು ಆಗಾಗ ಊರಿಗೆ ಬರುವ ನನ್ನಂಥವರು ಎಲ್ಲರೂ ಆ ಕೈಯ ರೊಟ್ಟಿ ಉಂಡವರೇ. ಶಾಂತ ಸ್ವಭಾವದ ಹೆಣ್ಣುಮಗಳೆಂದು ನಾವೆಲ್ಲ ನಂಬಿದ್ದೆವು. ಆ ನಂಬಿಕೆ ಎಂಬತ್ತರ ದಶಕದ ಒಂದು ವರ್ಷ ಸುಳ್ಳಾಯಿತು. ಅದರ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಪೇಟೆಯಲ್ಲಿ ದೌಲತರಾಯನೆಂಬ ದೊಡ್ಡ ಕಿರಾಣಿ ವ್ಯಾಪಾರಿಯಿದ್ದ. ಹಣೆಯ ತುಂಬ ವಿಭೂತಿ, ಸೋಮವಾರ ಉಪವಾಸ, ಮಠಕ್ಕೆ ಕಾಣಿಕೆ ಯಾವುದರಲ್ಲಿಯೂ ಕೊರತೆಯಿಲ್ಲ. ಒಮ್ಮೆ ಸೊಲ್ಲಾಪುರಕ್ಕೆ ಹೋಗಿ ಬಂದವನು ಅಲ್ಲಿ ಕಂಡ ಒಂದು ಪದ್ಧತಿಯನ್ನು ಇಲ್ಲಿಯೂ ಹೂಡಿದ. ಗಿರಾಕಿಗಳಿಗೆ ಗುಲಾಬಿ ಬಣ್ಣದ ದಪ್ಪ ಕಾರ್ಡು ಕೊಟ್ಟ. ಕಾರ್ಡು ತೋರಿಸಿ ತಿಂಗಳಿಡೀ ಉದ್ರಿ ಒಯ್ಯಬಹುದು. ಅಮಾವಾಸ್ಯೆಯ ದಿನ ಅಂಗಡಿ ಮುಚ್ಚುವುದರೊಳಗೆ ಬಾಕಿಯನ್ನೆಲ್ಲ ಕಟ್ಟಿದವರಿಗೆ ನೂರಕ್ಕೆ ಮೂರು ರೂಪಾಯಿ ಅಲ್ಲಿಯೇ ನಗದಾಗಿ ವಾಪಸು. ಒಂದು ದಿನ ತಪ್ಪಿದರೂ ವಾಪಸಿಯಿಲ್ಲ, ಮೇಲಾಗಿ ಇಡೀ ಮೊತ್ತಕ್ಕೆ ಬಡ್ಡಿ. ಈ ಕರಾರು ದೀಪಾವಳಿಯ ಪಾಡ್ಯದವರೆಗೆ ಬದಲಾಗದೆಂದು ಕಾರ್ಡಿನ ಬೆನ್ನಿಗೆ ಅಚ್ಚಾಗಿತ್ತು.

ಜನ ಹಿಗ್ಗಿದರು. ಒಯ್ದರು, ಮರೆತರು, ವಾಯಿದೆ ತಪ್ಪಿಸಿದರು, ಬಡ್ಡಿ ಕಟ್ಟಿದರು. ಹೀರಾಬಾಯಿ ಮಾತ್ರ ತಪ್ಪಲಿಲ್ಲ. ಅಂದು ಎಷ್ಟರ ಸಾಮಾನು ತಂದಳೋ ಅಷ್ಟೇ ಹಣವನ್ನು ಅಂದಿನ ಗಳಿಕೆಯಿಂದಲೇ ಎತ್ತಿ ಬೇರೆ ಡಬ್ಬಿಯಲ್ಲಿ ಹಾಕುವಳು. ಗಳಿಕೆ ಸಾಲದ ದಿನ ಸಾಮಾನೇ ತರಳು. ವಾಪಸಿಯ ಹಣದಲ್ಲಿ ಹಪ್ಪಳ ಮಾಡಿ ಉಣ್ಣುವವರ ತಾಟಿಗೆ ಪುಕ್ಕಟೆ ಇಡುವಳು.

ಹೋಳಿ ಹಬ್ಬಕ್ಕೆ ಮುಂಚಿನ ಅಮಾವಾಸ್ಯೆ ಶುಕ್ರವಾರ ಬಂತು. ಅಂದು ತಿಂಗಳೂಟದವರೊಬ್ಬರು ಅವಸರಕ್ಕೆ ಕೈಗಡ ಕೇಳಿದ್ದರಿಂದ ಡಬ್ಬಿಯಿಂದ ಕೊಟ್ಟಿದ್ದಳು. ಅವರು ಹಣ ತಿರುಗಿಸಿದ್ದು ಸಂಜೆ, ಮಾಡದಲ್ಲಿ ದೀಪ ಹಚ್ಚಿಯಾದ ಮೇಲೆ. ಶುಕ್ರವಾರ ದೀಪ ಹಚ್ಚಿದ ಬಳಿಕ ನಮ್ಮ ಕಡೆ ಯಾವ ಮನೆಯಿಂದಲೂ ಹಣ ಹೊರಗೆ ಹೋಗುವುದಿಲ್ಲ; ಲಕ್ಷ್ಮಿಯನ್ನು ಹೊಸ್ತಿಲು ದಾಟಿಸಿದಂತೆ. ಒಳಗೆ ಬರುವುದಕ್ಕೆ ಅಡ್ಡಿಯಿಲ್ಲ. ಅಂಗಡಿ ಇನ್ನೂ ತೆರೆದಿತ್ತು. ಆದರೂ ಹೀರಾಬಾಯಿ ಹೊರಡಲಿಲ್ಲ. ದೌಲತರಾಯನೂ ಲಿಂಗ ಕಟ್ಟಿದವನು, ಅವನ ಮನೆಯಲ್ಲಿಯೂ ಇದೇ ನೇಮ, ತಿಳಿದುಕೊಂಡಾನು ಎಂದು ಭಾವಿಸಿದಳು. ಅದೇ ಆಕೆಯ ತಪ್ಪು.

ಬೆಳಗಾಗುತ್ತಲೇ ಹಣ ಹಿಡಿದು ಅಂಗಡಿಯ ಮುಂದೆ ನಿಂತಳು.

"ತಗೋರಿ ಸಾವಕಾರ್ರ. ನಿನ್ನಿ ದೀಪಾ ಹಚ್ಚಿಬಿಟ್ಟಿದ್ದೆ, ಅದಕ್ಕ ಬರ್ಲಿಲ್ಲ."

"ನಿನ್ನಿ ಅಮಾಸಿ ಇತ್ತು. ಇವತ್ತ ಪಾಡ್ಯ," ಎಂದ ದೌಲತರಾಯ, ತಲೆಯೆತ್ತದೆ. "ವಾಪಸಿ ಇಲ್ಲ. ಬಡ್ಡಿ ಕಟ್ಟು."

"ಶುಕ್ರಾರ ದೀಪದ ಮ್ಯಾಲ ಲಕ್ಷ್ಮಿನ್ನ ಹೊರಗ ಹಾಕ್ತಾರೇನ್ರೀ? ನೀವರೆ ಹಾಕ್ತೀರೇನು?"

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಆ ನಗುವೇ ಅವನನ್ನು ಕೆಣಕಿತು.

"ನನ್ನ ಲಕ್ಷ್ಮಿ ಉಸಾಬರಿ ನಿನಗ್ಯಾಕ ಬೇ? ರೊಟ್ಟಿ ಬಡ್ಯಾಕಿ ಕೈಯಾಗ ಕಾರ್ಡ್ ಕೊಟ್ಟದ್ದೇ ನಂದು ತಪ್ಪು. ಸೈದಪ್ಪಾ, ಸುತ್ತಗಿ ತಾ!"

ಅಂಗಡಿಯ ಆಳು ಸೈದಪ್ಪ ಸುತ್ತಿಗೆ ತಂದ. ದೌಲತರಾಯ ಆಕೆಯ ಕಾರ್ಡು ಕಸಿದು, ಅದರ ಮೇಲೆ ಮಸಿಯಿಂದ 'ವಾಯಿದೆಗೇಡಿ' ಎಂದು ಬರೆದು, ಅಂಗಡಿಯ ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದ. ಹೀರಾಬಾಯಿ ಬಾಕಿಯನ್ನೂ ಬಡ್ಡಿಯನ್ನೂ ಎಣಿಸಿಟ್ಟು ಹಿಂದಿರುಗಿದಳು.

ಪೇಟೆಯ ನಾಲಿಗೆಗೆ ಅಷ್ಟೇ ಸಾಕಾಯಿತು. ವಾರದೊಳಗೆ ಸೌದೆಯವನು ಮೊದಲು ರೊಕ್ಕ ಎಂದ. ಕಾಯಿಪಲ್ಲೆಯವಳು ಬುಟ್ಟಿ ಇಳಿಸುವ ಮುನ್ನವೇ ಕೈ ಚಾಚಿದಳು. ಗಳಿಸಿದ ಹೆಸರೊಂದೇ ಆಕೆಯ ಆಸ್ತಿ. ಅದು ಈಗ ಪರರ ಬಾಗಿಲಲ್ಲಿ ಮಳೆಬಿಸಿಲಿಗೆ ತೂಗುತ್ತಿತ್ತು.

ಆ ದಿನಗಳಲ್ಲಿ ನಾನು ಊಟಕ್ಕೆ ಹೋದಾಗ, ನನ್ನ ಧರ್ಮವೆಂದು ತಿಳಿದು, ಕ್ಷಮಿಸಿಬಿಡು ತಾಯಿ ಎಂದೆ.

"ಶರಣರ, ನೀವು ಉಣ್ರಿ," ಎಂದಳು. "ಕ್ಷಮಾ ಮಾಡೂದು ಶಿವನ ಕೆಲಸ, ಅವನಿಗೆ ಪುರಸೊತ್ತದ. ನನ್ನ ಹೆಸರು ಆ ಸಾವಕಾರನ ಬಾಗಿಲಿಗೆ ನೇತಾಡಾಕತ್ತದ. ಜಡದ ಕೈಲೇನೇ ಅವ ಅದನ್ನ ತಗೀಬೇಕು, ಸಂತಿ ದಿನ, ಮಂದಿ ಮುಂದ. ಅಲ್ಲೀತನಕ ಅವನ ರೊಕ್ಕದ ಗಲ್ಲಾದಾಗ ನಾ ಖಾರ ಅರೀತೇನಿ."

"ಹೆಂಗ ಅರೀತಿ ತಾಯಿ? ನಿನ್ನ ಕಾರ್ಡೇ ಇಲ್ಲಲ್ಲ?"

"ನಂದಿಲ್ಲ. ಊರಂದು ಅದ ಅಲ್ರೀ."

ದೌಲತರಾಯನಿಗೆ ಗೊಣಗುವ ಚಟವಿತ್ತು. ಯಾರು ಸಕ್ಕರೆ ಕೇಳಿದರೂ, ಡಬ್ಬಿ ಎಣ್ಣೆ ಕೇಳಿದರೂ, "ಇದರಾಗ ನನಗ ನೂರಕ್ಕ ಒಂದ್ ರೂಪಾಯಿಕಿಂತ ಹೆಚ್ಚ ಉಳ್ಯಾಂಗಿಲ್ಲ, ಬ್ಯಾಳಿ ತಗೋರಿ, ಜೀರಗಿ ತಗೋರಿ," ಎನ್ನುತ್ತಿದ್ದ. ಇದನ್ನು ಊರೆಲ್ಲ ಕೇಳಿತ್ತು. ಸಿಟ್ಟಿನಲ್ಲಿದ್ದ ಹೀರಾಬಾಯಿ ಮಾತ್ರ ಅದನ್ನು ಹಿಡಿದು ಕೂತಳು.

ಓಣಿಯ ಮೂಲೆಯಲ್ಲಿ ಭಜಿ ಕರಿಯುವ ವಜೀರುನ್ನಿಸಾ ಆಕೆಯ ಗೆಳತಿ. ಎಣ್ಣೆಗೆಂದು ಅವಳೂ ಕಾರ್ಡು ಮಾಡಿಸಿದ್ದಳು, ಒಮ್ಮೆಯೂ ವಾಪಸಿ ಕಂಡಿರಲಿಲ್ಲ.

"ನಮಗ ಚಾಂದ್ ಕಂಡ ಮ್ಯಾಲೇ ತಿಂಗಳು ಗೊತ್ತಾಗೂದು ಅಕ್ಕಾ," ಎಂದಳು ವಜೀರುನ್ನಿಸಾ. "ಅಷ್ಟೊತ್ತಿಗೆ ನಿಮ್ಮ ಅಮಾಸಿ ಮುಗದೇ ಹೋಗಿರ್ತದ. ಆ ಸಾವಕಾರ ನನ್ನ ಚಾಂದ್ ಮ್ಯಾಲೇ ಹವೇಲಿ ಕಟ್ಟಾಕತ್ತಾನ!"

"ಕೇಳಿಲ್ಲಿ. ಸಕ್ಕರ್ಯಾಗ ಅವನಿಗೆ ನೂರಕ್ಕ ಒಂದು ಉಳೀತದ. ನಮಗ ಮೂರು ಕೊಡ್ತೇನಂತಾನ. ಉಳದ ಎರಡು ಯಾರು ಕೊಡಾಕತ್ತಾರ?"

"ಯಾರು?"

"ನೀನೇ. ವಾಯಿದಾ ತಪ್ಪಿದವರು. ಬ್ಯಾಳಿ, ಜೀರಗಿ ಒಯ್ಯುವವರು. ಯಾರೂ ತಪ್ಪಲಿಲ್ಲ, ಯಾರೂ ಬ್ಯಾಳಿ ಒಯ್ಯಲಿಲ್ಲ ಅಂದ್ರ?"

ವಜೀರುನ್ನಿಸಾ ಜಾಲರಿಯನ್ನು ಬಾಣಲೆಗೆ ಬಡಿದು ನಕ್ಕಳು. "ಯಾ ಅಲ್ಲಾ! ಗಲ್ಲಾ ಖಾಲಿ!"

ಅಂದಿನಿಂದ ಹೀರಾಬಾಯಿ ಕಾರ್ಡಿದ್ದ ಮನೆಮನೆಗೂ ನಡೆದಳು. ಹೆಂಗಸರು ದಿನದ ಕೊನೆಗೆ ತಮ್ಮ ಪಾಲಿನ ಹಣವನ್ನು ಖಾನಾವಳಿಯಲ್ಲಿ ಇಟ್ಟು ಹೋಗತೊಡಗಿದರು. ಒಬ್ಬೊಬ್ಬರ ಹಣಕ್ಕೆ ಅವರವರ ಹಳೆಯ ಸೀರೆಯ ಚೂರಿನ ಗಂಟು. ಕಾರ್ಡಿನ ಮೇಲೆ ಬರಿಯ ಸಕ್ಕರೆ, ಡಬ್ಬಿ ಎಣ್ಣೆ; ಬೇಳೆ, ಮಸಾಲೆ ಎಲ್ಲ ಎದುರು ಸಾಲಿನ ಜಗದೇವಪ್ಪನ ಅಂಗಡಿಯಲ್ಲಿ ನಗದು. ಯಾರ ಮನೆಯಲ್ಲಿ ಮದುವೆಯಿದ್ದರೂ ಅವರ ಸಕ್ಕರೆ ಈ ಹೆಂಗಸರ ಕಾರ್ಡಿನ ಮೇಲೆಯೇ ಬರುವುದು. ಅಮಾವಾಸ್ಯೆಗೆ ಒಂದು ದಿನ ಮುಂಚೆ ಹೀರಾಬಾಯಿ ಬಾಗಿಲು ಬಡಿದು ಎಚ್ಚರಿಸುವಳು. ಅಂದೇ ಎಲ್ಲರೂ ಕೂಡಿ, ಹೊತ್ತು ಇರುವಾಗಲೇ, ದೌಲತರಾಯನ ಅಂಗಡಿಗೆ ಹೋಗುವರು. ಗಂಟು ಬಿಚ್ಚುವರು, ಕಟ್ಟುವರು, ಅಂಗೈ ಚಾಚುವರು.

"ವಾಪಸಿ ಕೊಡ್ರಿ ಸಾವಕಾರ್ರ."

ಕಾರ್ಡಿಲ್ಲದ ಹೀರಾಬಾಯಿ ಎದುರು ಕಟ್ಟೆಯ ಮೇಲೆ ಕೂತು, ಗಲ್ಲಾದ ಮುಚ್ಚಳ ಏಳುವುದನ್ನೂ ಬೀಳುವುದನ್ನೂ ನೋಡುವಳು. ಆ ನೋಟದ ಸವಿಯನ್ನು ಆಕೆ ನನ್ನಿಂದ ಮುಚ್ಚಿಡಲಿಲ್ಲ. "ಅವನ ಗಂಟಲ ಒಣಗೂದು ಕಂಡರ ನನಗ ಹಸಿವಿ ಆಗ್ತದ್ರಿ," ಎನ್ನುತ್ತಿದ್ದಳು.

ಒಮ್ಮೆ ಅವನು ಸಕ್ಕರೆ ತೀರಿದೆಯೆಂದ. ಸೈದಪ್ಪ ಅದೇ ಹೊತ್ತಿಗೆ ಬೆನ್ನ ಮೇಲೆ ಸಕ್ಕರೆಯ ಚೀಲ ಹೊತ್ತು ಒಳಗೆ ಬಂದ. ಬೇಳೆ ಒಯ್ದವರಿಗೇ ಸಕ್ಕರೆ ಎಂದು ಇನ್ನೊಮ್ಮೆ ಅಂದಾಗ, ಹೆಂಗಸರು ಕಾರ್ಡಿನ ಬೆನ್ನು ತಿರುಗಿಸಿ ಅಚ್ಚಾದ ಕರಾರನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದರು. ಕರಾರು ಮುರಿದ ವ್ಯಾಪಾರಿಗೆ ಕಲಬುರಗಿಯ ಸಗಟು ಅಡತಿಯವರು ಮಾಲು ಕಳಿಸುವುದಿಲ್ಲವೆಂಬ ಭಯ ಅವನಿಗಿತ್ತು. ಸಕ್ಕರೆ ತೂಗಿ ಕೊಟ್ಟ.

ಶ್ರಾವಣದ ದಾಸೋಹಕ್ಕೆ ಬೂಂದಿಯ ಸಕ್ಕರೆ, ಎಣ್ಣೆ ತರಿಸುವ ಹೊಣೆ ನನ್ನದಾಗಿತ್ತು. ಅದನ್ನು ಹೆಂಗಸರ ಕಾರ್ಡುಗಳ ಮೇಲೆ ತರಿಸಲು ಹೀರಾಬಾಯಿ ಕೇಳಿದಳು, ನಾನು ಒಪ್ಪಿದೆ. ಭಕ್ತರು ಕೊಟ್ಟ ಹಣ ಸರಿಯಾದ ವೇಳೆಗೆ ಸಂದಿತು, ವಾಪಸಿ ದಾಸೋಹಕ್ಕೇ ಸೇರಿತು. ಪಂಕ್ತಿಯಲ್ಲಿ ಕೂತ ದೌಲತರಾಯನ ತಾಟಿಗೆ ಬೂಂದಿ ಬಿದ್ದಾಗ ಅವನು ಅದನ್ನು ಬಹಳ ಹೊತ್ತು ನೋಡಿದ. ವಿಧವೆಯ ಮಾನವನ್ನು ಬಾಗಿಲಿಗೆ ಜಡಿದವನ ಗಲ್ಲಾದಿಂದಲೇ ಶಿವನು ತನ್ನ ಪಂಕ್ತಿಯನ್ನು ಸಿಹಿಯಾಗಿಸಿಕೊಂಡನು. ಇದನ್ನು ಪಾಪವೆನ್ನಲು ನನ್ನ ನಾಲಿಗೆ ಅಂದೂ ಏಳಲಿಲ್ಲ, ಇಂದೂ ಏಳುವುದಿಲ್ಲ.

ದೀಪಾವಳಿ ಹತ್ತಿರವಾಯಿತು. ಅಲ್ಲಿಗೆ ಅವನ ಕರಾರಿನ ಅವಧಿ ಮುಗಿಯುತ್ತದೆ. ಆದರೆ ಅದಕ್ಕೂ ಮುಂಚೆ ಒಂದು ಅಮಾವಾಸ್ಯೆಯಿದೆ. ಅದು ಲಕ್ಷ್ಮೀಪೂಜೆಯ ದಿನ. ವ್ಯಾಪಾರಿಗಳು ಅಂದು ಗಲ್ಲಾಕ್ಕೆ ಹೂವೇರಿಸುತ್ತಾರೆ; ಬೆಳಗಿನಿಂದ ರಾತ್ರಿಯವರೆಗೆ ಒಂದು ಪೈಸೆಯೂ ಅದರಿಂದ ಹೊರಗೆ ಹೋಗಬಾರದು. ಹೋದರೆ ವರ್ಷವಿಡೀ ಹೋಗುತ್ತಲೇ ಇರುತ್ತದೆಂದು ನಂಬಿಕೆ.

"ಈ ಸಲ ಮುಂಚಿ ದಿನ ಬ್ಯಾಡ," ಎಂದು ಹೀರಾಬಾಯಿ ಹೆಂಗಸರಿಗೆ ಹೇಳಿದಳು. "ಪೂಜಿ ದಿನಾನೇ ಹೋಗೂಣು. ಆರತಿ ಆದ ಕೂಡ್ಲೇ."

ಮಾತು ಹೇಗೋ ಪೇಟೆಗೆ ಮುಟ್ಟಿತು. ಮೊದಲು ಸೈದಪ್ಪ ಬಂದ.

"ಅವ್ವಾ, ಕಾರ್ಡ್ ತಗಸ್ತೇನಿ ಅಂದಾರ ಸಾವಕಾರ್ರು. ಪೂಜಿ ದಿನ ಬರಬ್ಯಾಡ್ರಿ ಅಂದಾರ."

"ಯಾರ ಕೈಲೆ ತಗಸ್ತಾನಂತ?"

"ನನ್ನ ಕೈಲೆ."

"ನೀ ಕೈ ಹಚ್ಚಿದಿ ಅಂದ್ರ ಸೈದಪ್ಪಾ, ಈ ಮನ್ಯಾಗ ನಿನಗ ರೊಟ್ಟಿ ಇಲ್ಲ ನೋಡು."

ಮರುದಿನ ಮಧ್ಯಾಹ್ನ, ಉಣ್ಣುವವರು ಸಾಲಾಗಿ ಕೂತಿದ್ದಾಗ, ದೌಲತರಾಯ ತಾನೇ ಬಂದು ಹೊಸ್ತಿಲ ಹೊರಗೆ ನಿಂತ. ನಾನೂ ಆ ಸಾಲಿನಲ್ಲಿದ್ದೆ.

"ಹೀರಾಬಾಯವ್ವಾ, ಲಕ್ಷ್ಮೀಪೂಜಿ ದಿನ ಗಲ್ಲಾ ತಗಿಸಬ್ಯಾಡವ್ವ. ಒಂದಿನಾ ಮೊದಲ ಬರ್ರಿ. ನಿನಗೂ ತಿಳೀತದಲ್ಲ, ನೇಮ ಅಂದ್ರೇನಂತ."

"ತಿಳೀತದ್ರಿ. ನನಗ ಮೊದಲಿಂದನೂ ತಿಳೀತದ," ಎಂದಳು ಆಕೆ, ಬಡಿಯುತ್ತಿದ್ದ ರೊಟ್ಟಿಯಿಂದ ಕೈ ತೆಗೆಯದೆ. "ಸಂತಿ ದಿನ ಆ ಕಾರ್ಡ್ ನಿಮ್ಮ ಕೈಲೆ ಕೀಳ್ರಿ. ಒಂದಿನಾ ಮೊದಲ ಬರ್ತೇವಿ."

"ಮಂದಿ ಮುಂದ?"

"ಜಡಿಯೂವಾಗ ಮಂದಿ ಇದ್ದಿಲ್ಲೇನ್ರೀ?"

ಸಾಲಿನಲ್ಲಿ ಯಾರೋ ಕೆಮ್ಮಿದರು. ಅವನು ನನ್ನ ಕಡೆ ನೋಡಿದ, ನಾನು ಒಂದು ಮಾತು ಹೇಳಿಯೇನೆಂಬ ಆಸೆಯಿಂದ. ನಾನು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದೆ.

ಸಂತೆಯ ದಿನ ಪೇಟೆ ಕಿಕ್ಕಿರಿದಿತ್ತು. ಎದುರು ಕಟ್ಟೆಯ ಮೇಲೆ ಹೀರಾಬಾಯಿ, ಪಕ್ಕದಲ್ಲಿ ವಜೀರುನ್ನಿಸಾ, ಹಿಂದೆ ಕಾರ್ಡಿನ ಹೆಂಗಸರೆಲ್ಲ. ದೌಲತರಾಯ ಇಕ್ಕಳ ಹಿಡಿದು ಬಂದ. ಮಳೆಗಾಲ ಕಳೆದ ಮೊಳೆ ತುಕ್ಕು ಹಿಡಿದು ಕಟ್ಟಿಗೆಯಲ್ಲಿ ಕಚ್ಚಿಕೊಂಡಿತ್ತು. ಎಳೆದ, ಜಗ್ಗಿದ, ಬೆವರಿದ. ಸಂತೆಗೆ ಬಂದವರು ನಿಂತು ನೋಡತೊಡಗಿದರು. ಯಾಕೆಂದು ತಿಳಿಯದವರಿಗೆ ವಜೀರುನ್ನಿಸಾ ತಿಳಿಸಿ ಹೇಳಿದಳು, ಮೊದಲಿನಿಂದ, ಗಟ್ಟಿ ದನಿಯಲ್ಲಿ. ಕೊನೆಗೆ ಮೊಳೆ ಬಂತು. ಕಾರ್ಡು ಹರಿದು ಕೈಗೆ ಬಂತು.

ಅವನು ಅದನ್ನು ತಂದು ಕಟ್ಟೆಯ ಬಳಿ ಚಾಚಿದ. ಹೀರಾಬಾಯಿ ತೆಗೆದುಕೊಳ್ಳಲಿಲ್ಲ. ಚೌಕಟ್ಟಿನ ಕಡೆ ಬೊಟ್ಟು ಮಾಡಿದಳು.

"ಇನ್ನೂ ಒಂದು ಮೂಲಿ ಉಳದದ್ರಿ ಸಾವಕಾರ್ರ."

ಉಗುರಗಲದ ಗುಲಾಬಿ ಚೂರೊಂದು ಕಟ್ಟಿಗೆಗೆ ಅಂಟಿತ್ತು. ಅವನು ಹಿಂದಿರುಗಿ, ಇಕ್ಕಳಕ್ಕೆ ಅದು ಸಿಗದೆ, ಉಗುರಿನಿಂದ ಕೆರೆದ. ಪಕ್ಕದಲ್ಲೇ ನಿಂತಿದ್ದ ನನಗೆ ಆ ಕೆರೆಯುವ ಸಪ್ಪಳ ಕೇಳಿಸಿತು. ಪೂರ್ತಿ ಹೋದ ಮೇಲೆ ತಿರುಗಿ ನಿಂತು ಕೇಳಿದ:

"ಈಗರೆ ಸಮಾಧಾನ ಆತೇನವ್ವ?"

"ಹೆಸರು ತಿರುಗಿ ಬಂತ್ರಿ," ಎಂದಳು ಹೀರಾಬಾಯಿ, ಸೆರಗು ಕೊಡವಿ ಎದ್ದು. "ಅಮಾಸಿ ಮುಂಚಿ ದಿನ ಬರ್ತೇವಿ. ವಾಪಸಿ ಎಣಿಸಿ ಇಟ್ಟಿರ್ರಿ, ಚಿಲ್ಲರಿ ಸಮೇತ. ಈ ಸಲ ಸಕ್ಕರಿ ಬಾಳ ಒಯ್ದೇವಿ."