ಅವ್ವ ಕಮಲಾಪುರಕ್ಕೆ ಮೋಟಾರು ಮುಟ್ಟಿಸಿದ್ದು

ನಿಜಾಮರ ಕಾಲ. ನನ್ನ ತಂದೆ ಕಲಬುರಗಿಯ ಸರಕಾರಿ ದವಾಖಾನೆಯಲ್ಲಿ ಡಾಕ್ಟರು. ಔರಂಗಾಬಾದಿಗೆ ವರ್ಗವಾಗಿದೆ, ವಾರದೊಳಗೆ ಹಾಜರಾಗಬೇಕು ಎಂಬ ಹುಕುಂ ಬಂದಾಗ ನಮಗೆ ತಲೆನೋವಾದದ್ದು ಮನೆಯ ಹಳೆಯ ಮೋಟಾರು. ಅಷ್ಟು ದೂರ ಅದನ್ನು ಒಯ್ಯುವಂತಿರಲಿಲ್ಲ. ಊರಲ್ಲಿ ಕೊಳ್ಳುವವರೂ ಇರಲಿಲ್ಲ. ಮೋಮಿನಪುರದ ವ್ಯಾಪಾರಿಯೊಬ್ಬರು ಬಂದು, ಸುತ್ತೆಲ್ಲ ನೋಡಿ, ಚಹಾ ಕುಡಿದು ಹೋದರು. ಕೊನೆಗೆ ಒಪ್ಪಿದವರು ಕಮಲಾಪುರದ ಬಾಳೆತೋಟದ ಗೌಡರು.

"ಇವತ್ತ ಸಂಜಿಯೊಳಗ ಮೋಟಾರು ನಮ್ಮ ಮನಿ ಮುಂದ ಬಂದು ನಿಂದರಬೇಕ್ರೀ ಸಾಹೇಬ್ರ. ನಾಳಿ ಅಮಾಸಿ, ಹೊಸಾದು ಮನಿಗಿ ತರಂಗಿಲ್ಲ" ಎಂದರು.

ಆಗಲೆಂದು ತಂದೆ ಮೋಟಾರಿನ ಮುಂದೆ ನಿಂತು ಅದನ್ನು ಚಾಲೂ ಮಾಡುವ ಹ್ಯಾಂಡಲ್ ತಿರುವಿದರು. ಅದು ಫಟ್ಟನೆ ಹಿಂದಕ್ಕೆ ಒದ್ದು ಅವರ ಮಣಿಕಟ್ಟು ಮುರಿಯಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಅವರು ಪಡಸಾಲೆಯಲ್ಲಿ ಕುಳಿತರು. ನಮಗೆ ಡ್ರೈವರ್ ಇರಲಿಲ್ಲ. ಗೌಡರು ರುಮಾಲು ಸರಿಮಾಡಿಕೊಂಡು ಹೊರಡಲು ಎದ್ದರು.

ಬಾಗಿಲ ಮರೆಯಿಂದ ಅವ್ವ, "ನಾ ಒಯ್ತೀನ್ರೀ" ಅಂದಳು.

ಊರು ಏಳುವ ಮೊದಲು ಬಯಲಿಗೆ ಕರೆದೊಯ್ದು ತಂದೆ ಅವಳಿಗೆ ಮೋಟಾರು ಕಲಿಸಿದ್ದು ಮನೆಯವರಿಗಷ್ಟೇ ಗೊತ್ತಿತ್ತು. ತಂದೆ ಗೌಡರ ಕಡೆ ತಿರುಗಿದರು.

"ಇಕಿ ಹೊಡೀತಾಳ್ರೀ ಗೌಡ್ರ. ಹ್ಯಾಂಡಲ್ ಅಷ್ಟ ನೀವು ತಿರವ್ರಿ. ಹೆಬ್ಬಟ್ಟು ಮಾತ್ರ ಹಿಡಿಗಿ ಸುತ್ತಬ್ಯಾಡ್ರಿ, ಒದ್ದರ ಮುರೀತದ."

ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಕೂತಳು. ತಂದೆ ಅವಳ ಪಕ್ಕ, ಹಿಂದೆ ನಾನು ಮತ್ತು ಗೌಡರು. ಬಜಾರಿನಲ್ಲಿ ತಕ್ಕಡಿ ಹಿಡಿದವರು ಹಿಡಿದ ಹಾಗೇ ನಿಂತರು. ಗೌಡರು ಎರಡೂ ಕೈಯಿಂದ ಬಾಗಿಲು ಹಿಡಿದು ಶಿವಶಿವಾ ಅನ್ನುತ್ತಿದ್ದರು. ಊರು ದಾಟಿ ಜೋಳದ ಹೊಲಗಳು ಬಂದ ಮೇಲೆ ಅವ್ವ ಮೆಲ್ಲಗೆ ಹಾಡತೊಡಗಿದಳು. ಅವಳು ಅಡುಗೆಮನೆಯ ಹೊರಗೆ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಮಲಾಪುರದಲ್ಲಿ ಆರತಿ ಹಿಡಿದು ಬಂದ ಗೌಡತಿ, ಮೋಟಾರು ಹೊಡೆದು ಬಂದದ್ದು ಹೆಂಗಸೆಂದು ಕಂಡು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅವ್ವನ ಕೈ ಹಿಡಿದುಕೊಂಡರು.

"ನಂಗೂ ಕಲಸ್ರೀ ಅಕ್ಕಾರ."

ಗೌಡರು ನಕ್ಕುಬಿಟ್ಟರು. ಅವ್ವ ನಗಲಿಲ್ಲ. ಗೌಡತಿಯನ್ನು ತನ್ನ ಜಾಗದಲ್ಲಿ ಕೂರಿಸಿ, ಪಕ್ಕದಿಂದ ಅವರ ಕೈಮೇಲೆ ಕೈಯಿಟ್ಟು ಕಣದಲ್ಲಿ ಒಂದು ಸುತ್ತು ಹಾಕಿಸಿದಳು. ಕೋಳಿಗಳು ದಿಕ್ಕಾಪಾಲಾಗಿ ಓಡಿದವು. ಗೌಡತಿಗೆ ನಗು ತಡೆಯಲಾಗಲಿಲ್ಲ.

ತಿರುಗಿ ಬಂದದ್ದು ಗೌಡರ ಎತ್ತಿನ ಗಾಡಿಯಲ್ಲಿ, ಕೆಂಪು ಬಾಳೆಯ ಗೊನೆಯೊಂದಿಗೆ.

"ಔರಂಗಾಬಾದಿಗಿ ಹೋದ ಮ್ಯಾಲ ಇನ್ನೊಂದು ಮೋಟಾರು ತಗೊಳ್ಳೋಣು" ಎಂದರು ತಂದೆ.

"ಹ್ಞೂಂರಿ" ಅಂದಳು ಅವ್ವ.

ಔರಂಗಾಬಾದಿನಲ್ಲಿ ದವಾಖಾನೆಯ ಪಕ್ಕದಲ್ಲೇ ಮನೆ ಸಿಕ್ಕಿತು. ಮೋಟಾರು ಬೇಕಾಗಲಿಲ್ಲ, ಅವ್ವ ಕೇಳಲೂ ಇಲ್ಲ. ಅವಳು ಬಹಳ ವರ್ಷ ಬದುಕಿದಳು. ಆದರೂ ಅವ್ವ ಎಂದಾಗ ನನಗೆ ನೆನಪಾಗುವುದು ಆ ದಾರಿಯ ಬಿಸಿಲು, ಗಾಳಿಗೆ ಬಿಚ್ಚಿಹೋದ ಅವಳ ಕೂದಲು.