ಶುಕ್ರವಾರದ ಲೋಟಗಳು

ವೀಲ್ ಹನ್ನಾ ಊರಿನ ಸಮುದಾಯ ಭವನಕ್ಕೆ ಪಾತ್ರೆ ತೊಳೆಯುವ ಯಂತ್ರ ಬಂದು ಹತ್ತೊಂಬತ್ತು ವರ್ಷವಾಯಿತು. ಅದರ ಬಾಗಿಲಿಗೆ ಬೇರೆ ಯಾರಾದರೂ ಕೈ ಹಚ್ಚಿದರೆ ಮೇವಿಸ್ ಟ್ರೆಂಬಾತ್‌ಗೆ ಮೈಯೆಲ್ಲ ಉರಿ. ಗೆಳತಿ ಡಲ್ಸಿಯೊಬ್ಬಳಿಗೆ ಮಾತ್ರ ವಿನಾಯಿತಿ.

"ತಟ್ಟೇಲಿ ಉಳಿದಿದ್ದನ್ನ ಕೆರೆದು ಹಾಕ್ರೇ, ತೊಳೆದು ಹಾಕ್ಬೇಡಿ! ತೊಳೆದೇ ಹಾಕೋದಾದ್ರೆ ಇದ್ಯಾಕೆ, ಮಾರಿ ಹೂಕುಂಡ ತಂದಿಡೋಣ" ಎಂದು ಅವಳಿಂದ ಬೈಸಿಕೊಳ್ಳದ ಹೆಂಗಸು ನಮ್ಮೂರಲ್ಲಿಲ್ಲ.

ಎಪ್ಪತ್ತಮೂರರ ಹೆಂಗಸು, ಕುಳ್ಳಿ, ಮಾತು ಜಾಸ್ತಿ. ಪ್ರಾಯದಲ್ಲಿ ಇಪ್ಪತ್ತಾರು ವರ್ಷ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದುಡಿದವಳು. ಅಲ್ಲಿನ ಬ್ಲೀಚು ಬೆರೆತ ಕಟು ಸಾಬೂನು ನೀರಿಗೆ ಎರಡೂ ಅಂಗೈ ಬಿರುಕು ಬಿಟ್ಟು, ರಾತ್ರಿ ಕೈಗೆ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದಳು. ಆ ಕೆಲಸ ಬಿಟ್ಟ ದಿನವೇ ಅಂಗಡಿಯ ತೊಳೆಯುವ ಸಾಮಾನಿಗೆಲ್ಲ ದೂರದಿಂದಲೇ ಕೈಮುಗಿದಳು. ಭವನದ ಯಂತ್ರ ತನ್ನ ಸುಪರ್ದಿಗೆ ಬಂದಾಗ, ಅದರ ಹೊಟ್ಟೆಗೆ ಅಂಗಡಿಯ ಪಾತ್ರೆ ತೊಳೆಯುವ ಗುಳಿಗೆ ಒಂದೂ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದಳು.

ಅವಳ ಕ್ರಮವೇ ಬೇರೆ. ಗುರುವಾರ ಸಂಜೆ ಹೆಂಗಸರ ಸಂಘದ ಚಹಾ ಮುಗಿದೊಡನೆ ತಳದ ಫಿಲ್ಟರ್ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವಳು. ನೀರು ಚಿಮ್ಮುವ ತೋಳಿನ ತೂತುಗಳಲ್ಲಿ ಸಿಕ್ಕಿಕೊಂಡ ಬೀಜ, ಸಿಪ್ಪೆಯನ್ನು ತಲೆಪಿನ್ನಿನಿಂದ ಕೀಳುವಳು. ಬಾಗಿಲ ಸುತ್ತಲಿನ ರಬ್ಬರನ್ನು ಅಡುಗೆ ಸೋಡಾ ಹಚ್ಚಿದ ಒದ್ದೆ ಬಟ್ಟೆಯಿಂದ ಒರೆಸುವಳು. ಆಮೇಲೆ ಪಾತ್ರೆ ತುಂಬಿ, ಮನೆಯಲ್ಲೇ ಕಲಸಿ ತಂದ ಪುಡಿ ಹಾಕುವಳು: ವಾಷಿಂಗ್ ಸೋಡಾ, ಅಡುಗೆ ಸೋಡಾ, ಒಂದಿಷ್ಟು ನಿಂಬೆ ಉಪ್ಪು ಅನ್ನುವ ಹುಳಿ ಹರಳು. ತೊಳೆದಾದ ಮೇಲೆ ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಮನೆಗೆ ಹೋಗುವಳು; ಪಾತ್ರೆ ಗಾಳಿಗೆ ಆರಬೇಕು, ಕರೆಂಟು ಉಳಿಯಬೇಕು. ಶುಕ್ರವಾರ ಬೆಳಿಗ್ಗೆ ಗಂಡ ಪರ್ಸ್‌ನನ್ನು ಮಂಡಿನೋವಿನ ಚಿಕಿತ್ಸೆಗೆ ಪಕ್ಕದೂರಿಗೆ ಕರೆದೊಯ್ಯಬೇಕಾದ್ದರಿಂದ, ಆರಿದ ಪಾತ್ರೆಗಳನ್ನು ಕಪಾಟಿಗೆ ಎತ್ತಿಡುವ ಕೆಲಸ ಮೊದಲಿಂದಲೂ ಡಲ್ಸಿಯದು. ಕಪಾಟಿನ ಬೀಗದ ಕೈಯೂ ಅವಳ ಹತ್ತಿರವೇ.

ಯಂತ್ರದಿಂದ ಹೊರಬೀಳುವ ನೀರು ಕೊಳವೆಯಲ್ಲಿ ಹರಿದು ಭವನದ ಹಿಂದಿನ ನಿಂಬೆ ಮರದ ಬುಡಕ್ಕೆ ಹೋಗುತ್ತದೆ. ಆ ಮರವನ್ನು ಮೇವಿಸ್, ಡಲ್ಸಿ ಇಬ್ಬರೂ ಸೇರಿ ನೆಟ್ಟಿದ್ದು. ತಿಂಗಳಿಗೊಮ್ಮೆ ಮೇವಿಸ್ ಅದರದೇ ಹಣ್ಣಿನ ರಸ ಸುರಿದು ಖಾಲಿ ಯಂತ್ರ ಓಡಿಸಿ, ಒಳಗಿನ ಕರೆ ಬಿಡಿಸುತ್ತಿದ್ದಳು. ಮರ ಯಂತ್ರವನ್ನು ತೊಳೆಯುತ್ತದೆ, ಯಂತ್ರ ಮರಕ್ಕೆ ಕುಡಿಸುತ್ತದೆ ಎಂದು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಹಾಗೆಂದು ತಾನು ತಪ್ಪೇ ಮಾಡದವಳೆಂಬ ಜಂಬ ಅವಳಿಗಿರಲಿಲ್ಲ. ಎರಡನೆಯ ವರ್ಷ ಪ್ರತಿ ಸಲವೂ ವಿನೆಗರ್ ಸುರಿದು ಸುರಿದು ಬಾಗಿಲ ರಬ್ಬರು ಸೆಟೆದು, ನೀರು ನೆಲಕ್ಕೆಲ್ಲ ಸೋರಿತ್ತು. ಆಗ ಸಂಘದ ಸಭೆಯಲ್ಲಿ ಅವಳೇ ಎದ್ದು ನಿಂತು, "ತಪ್ಪು ನಂದು. ವಿನೆಗರ್ ಪ್ರತಿ ಸಲ ಹಾಕಿದ್ರೆ ರಬ್ಬರ್ ಕೆಡುತ್ತೆ. ಇವತ್ತಿಂದ ಬಂದ್. ಇನ್ನೇನಾದ್ರೂ ತಪ್ಪು ಕಂಡ್ರೆ ಮುಖಕ್ಕೇ ಹೇಳ್ರಪ್ಪ, ನಂಗೇನೂ ಬೇಜಾರಿಲ್ಲ" ಎಂದಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮುಖಕ್ಕೇ ಹೇಳಿ ಎಂಬ ಮಾತು ಯಾರ ಕಿವಿಗೂ ಹೋಗಿರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ.

ಆರು ವರ್ಷದ ಹಿಂದೆ ಭವನದ ಮಳೆನೀರಿನ ಟ್ಯಾಂಕು ತುಕ್ಕು ಹಿಡಿದು ತೂತಾಯಿತು. ಸಂಘದವರು ಬೋರ್‌ವೆಲ್ ನೀರಿನ ಸಂಪರ್ಕ ಹಾಕಿಸಿದರು. ನಮ್ಮೂರಿನ ಬೋರ್ ನೀರು ಎಂಥದೆಂದು ಎಲ್ಲರಿಗೂ ಗೊತ್ತು. ಕೆಟಲಿನೊಳಗೆ ಸುಣ್ಣ ಬಳಿದಂತೆ ಆಗುತ್ತದೆ. ಮೇವಿಸ್‌ಗೂ ಅದೇ ಆತಂಕ. ಹೊಸ ನೀರಿನ ಮೊದಲ ಶುಕ್ರವಾರ ಅವಳು ಡಲ್ಸಿಗೆ ಫೋನ್ ಮಾಡಿ ಕೇಳಿದಳು.

"ಲೋಟ ಹೇಗಿವೆಯೇ? ಬಿಳೀ ಪೊರೆ ಏನಾದ್ರೂ ಕೂತಿದ್ಯಾ?"

"ಎಲ್ಲಿಂದ ಬರುತ್ತೆ ಪೊರೆ! ಫಳಫಳ ಅಂತಿವೆ ಕಣೇ" ಎಂದಳು ಡಲ್ಸಿ.

ಅಷ್ಟೇ ಸಾಕಾಯಿತು. ಬೋರ್ ನೀರಿಗೂ ಬಗ್ಗುವ ಪುಡಿ ತನ್ನದೆಂದು ಮೇವಿಸ್ ಹಿಗ್ಗಿ ಹೀರೇಕಾಯಿಯಾದಳು. ಬೋರ್ ನೀರೇ ಬಳಸುವ ಅಕ್ಕಪಕ್ಕದ ಮೂರು ಊರುಗಳ ಭವನಗಳಿಗೆ ಹೋಗಿ ಪುಡಿ ಕಲಸುವುದನ್ನು ಹೇಳಿಕೊಟ್ಟು ಬಂದಳು. ಅದರಲ್ಲೊಂದು ಊರಿನ ಥೆಲ್ಮಾ ಎಂಬಾಕೆ, ನಮ್ಮ ಲೋಟಗಳೆಲ್ಲ ಮಬ್ಬಾಗಿವೆ ಎಂದು ಕಾಗದ ಬರೆದಾಗ, "ನೀವು ಫಿಲ್ಟರ್ ಸರಿಯಾಗಿ ತೊಳೆಯುತ್ತಿಲ್ಲ" ಎಂದು ಖಾರವಾಗಿಯೇ ಉತ್ತರ ಬರೆದಳು. ಕಳೆದ ವರ್ಷ ಸಂಘ ಅವಳಿಗೆ ಸನ್ಮಾನವನ್ನೂ ಮಾಡಿತು. ಡಲ್ಸಿಯೇ ಭಾಷಣ ಮಾಡಿ, ಒಂದು ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, "ಇದೇ ನಮ್ಮ ಮೇವಿಸ್" ಎಂದಾಗ ಮೇವಿಸ್ ಕಣ್ಣಲ್ಲಿ ನೀರು ಬಂದಿತ್ತು.

ಈ ಬೇಸಿಗೆಯಲ್ಲಿ ನಿಂಬೆ ಮರಕ್ಕೆ ರೋಗ ಬಂದಂತಾಯಿತು. ಎಲೆಯ ಅಂಚು ಸುಟ್ಟಂತೆ ಕಂದಿತು, ಹೀಚುಗಳು ಉದುರಿದವು. ಮೇವಿಸ್ ತನ್ನನ್ನೇ ಬೈದುಕೊಂಡಳು.

"ನನ್ನ ಸೋಡಾನೇ ಇದನ್ನ ಕೊಲ್ತಿರೋದು ಡಲ್ಸಿ. ಹತ್ತೊಂಬತ್ತು ವರ್ಷ ಇದಕ್ಕೆ ವಿಷ ಹಾಕಿದ್ನೇನೋ."

"ಹಂಗೆಲ್ಲ ಅನ್ಕೋಬೇಡ್ವೇ. ಬಿಸಿಲು ಜಾಸ್ತಿ ಈ ಸಲ" ಎಂದಳು ಡಲ್ಸಿ.

ಎರಡು ತಿಂಗಳು ಮೇವಿಸ್ ತನ್ನ ಮನೆಯ ಟ್ಯಾಂಕಿನ ಮಳೆನೀರನ್ನು ಬಕೆಟ್ಟಿನಲ್ಲಿ ಹೊತ್ತು ತಂದು ಮರಕ್ಕೆ ಸುರಿದಳು. ಬಕೆಟ್ಟಿನ ಹಿಡಿಯ ಇನ್ನೊಂದು ಬದಿ ಹಿಡಿದವಳು ಡಲ್ಸಿ. ದಾರಿಯುದ್ದಕ್ಕೂ ಅವಳು ಗೆಳತಿಯ ಕಣ್ಣೀರು ಒರೆಸಿದಳು.

ನಮ್ಮ ಕಡೆಯ ಬೇಸಿಗೆಯ ಕೊನೆ, ಫೆಬ್ರವರಿಯ ಒಂದು ಶುಕ್ರವಾರ ಮಂಡಿ ಚಿಕಿತ್ಸೆಯ ಡಾಕ್ಟರು ರಜೆಯಲ್ಲಿದ್ದರು. ಪರ್ಸ್ ಮನೆಯಲ್ಲೇ ಪೇಪರು ಹಿಡಿದು ಕೂತ. ಸಮಯ ಸಿಕ್ಕಿತಲ್ಲ ಎಂದು ಮೇವಿಸ್ ಚಿಕ್ಕ ಬಕೆಟ್ ಹಿಡಿದು ಭವನದ ಹಿಂದಕ್ಕೆ ಹೋದಳು. ನೀರು ಸುರಿದು ಬಗ್ಗಿ ಬುಡ ನೋಡುತ್ತಿದ್ದಳು. ಆಗ ಕೊಳವೆ ಗುಳುಗುಳು ಎಂದಿತು.

ಶುಕ್ರವಾರ ಬೆಳಿಗ್ಗೆ ಯಂತ್ರ ಓಡುವುದೆಂದರೇನು? ನೋಡನೋಡುತ್ತಿದ್ದಂತೆ ಕೊಳವೆಯ ಬಾಯಿಂದ ಬಿಸಿನೀರು ಭಗ್ಗನೆ ಬಂದು ಬುಡಕ್ಕೆ ಬಿತ್ತು. ನೊರೆ. ಬ್ಲೀಚಿನ ವಾಸನೆ. ಇಪ್ಪತ್ತಾರು ವರ್ಷ ಆ ವಾಸನೆಯಲ್ಲಿ ಬದುಕಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗೈ ತನ್ನಿಂದ ತಾನೇ ಮುಷ್ಟಿಯಾಯಿತು.

ಒಳಗೆ ಹೋದರೆ ಡಲ್ಸಿ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತ ಕೂತಿದ್ದಳು. ಕಾಲ ಬಳಿ ಅಂಗಡಿ ಗುಳಿಗೆಗಳ ನೀಲಿ ಡಬ್ಬಿ. ಮೇವಿಸ್‌ಳನ್ನು ಕಂಡು ಅವಳ ಕಡ್ಡಿ ನಿಂತಿತು.

"ಇವತ್ತು... ಪರ್ಸ್‌ದು ಡಾಕ್ಟರ್ ಇರ್ಲಿಲ್ವಾ?"

"ಎಷ್ಟು ದಿನದಿಂದ?" ಎಂದಳು ಮೇವಿಸ್.

"ಕೂತ್ಕೋ ಮೊದ್ಲು."

"ಎಷ್ಟು ದಿನದಿಂದ ಡಲ್ಸಿ?"

"ಬೋರ್ ನೀರು ಬಂದಾಗಿಂದ."

"ನಾನು ಫೋನ್ ಮಾಡಿ ಕೇಳಿದ್ನಲ್ಲ. ಮೊದಲ್ನೇ ಶುಕ್ರವಾರಾನೇ ಕೇಳಿದ್ನಲ್ಲೇ!"

"ಲೋಟ ಎಲ್ಲಾ ಬೆಳ್ಳಗೆ ಪೊರೆ ಕಟ್ಟಿತ್ತು. ನೀನು ಅಷ್ಟು ಆಸೆಯಿಂದ ಕೇಳ್ದೆ. ಬಾಯಿಗೆ ಬರ್ಲಿಲ್ಲ ಕಣೇ. ಒಂದು ವಾರದ ಮಟ್ಟಿಗೆ ಅಂತ ಗುಳಿಗೆ ಹಾಕಿ ಇನ್ನೊಂದ್ಸಲ ತೊಳೆದೆ. ಆಮೇಲೆ ಹೇಗೆ ಹೇಳ್ಲಿ?"

"ಯಾರ್ಯಾರಿಗೆ ಗೊತ್ತು?"

ಡಲ್ಸಿ ಉಣ್ಣೆಯ ಉಂಡೆಯನ್ನು ಸುತ್ತತೊಡಗಿದಳು. "ಡಬ್ಬಿ ತಂದ್ಕೊಡೋದು ಗ್ವೆನಿತ್. ಹಂಗಾಗಿ... ಎಲ್ಲರಿಗೂ."

ಗ್ವೆನಿತ್ ಎಂದರೆ ಸಂಘದ ಅಧ್ಯಕ್ಷೆ. ಸನ್ಮಾನದ ದಿನ ಹೂಗುಚ್ಛ ಕೊಟ್ಟವಳು.

"ಪರ್ಸ್‌ಗೆ?"

"ಅಯ್ಯೋ ಇಲ್ಲ! ಆಣೆ ಮಾಡಿ ಹೇಳ್ತೀನಿ, ಪರ್ಸ್‌ಗೆ ಗೊತ್ತಿಲ್ಲ."

ಆಣೆಯನ್ನು ನಂಬಬೇಕೋ ಬೇಡವೋ ಎಂದು ಮೇವಿಸ್‌ಗೆ ತಿಳಿಯಲಿಲ್ಲ. ಐವತ್ತು ವರ್ಷದ ಗೆಳೆತನದಲ್ಲಿ ಡಲ್ಸಿಯ ಮಾತಿನ ಬಗ್ಗೆ ಇಂಥ ಅನುಮಾನ ಇದೇ ಮೊದಲು.

"ಸನ್ಮಾನದ ದಿನ ಒಂದು ಲೋಟ ಎತ್ತಿ ಹಿಡ್ದೆ. ಅದು?"

ಡಲ್ಸಿ ತಲೆ ತಗ್ಗಿಸಿದಳು. "ಅದೂ."

ಮೇವಿಸ್ ಸಿಂಕಿಗೆ ಒರಗಿ ನಿಂತಳು. ಕೋಪಕ್ಕಿಂತ ಹೆಚ್ಚಾಗಿ ನಾಚಿಕೆ ಆಗುತ್ತಿತ್ತು. ಆರು ವರ್ಷ ಊರೆಲ್ಲ ಸೇರಿ ತನ್ನನ್ನು ಮಗುವಿನಂತೆ ಆಡಿಸಿದ್ದರು, ತಾನು ಕುಣಿದಿದ್ದಳು.

"ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲೇ" ಎಂದಳು ಕೊನೆಗೆ. "ಗಡಸು ನೀರಿಗೆ ಸೋಡಾ ಕಮ್ಮಿ ಮಾಡಿ ನಿಂಬೆ ಉಪ್ಪು ಜಾಸ್ತಿ ಮಾಡ್ಬೇಕು. ಹದಿನೈದು ದಿನದ ಕೆಲಸ. ನಾನು ಸರಿ ಮಾಡ್ಕೋತಿದ್ದೆ. ನನ್ನಿಂದ ಆಗೋದೇ ಇಲ್ಲ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ. ಮರಕ್ಕೋಸ್ಕರ ನಾನು ಅತ್ತಾಗಲಾದ್ರೂ ಬಾಯಿ ಬಿಡ್ಬಾರ್ದಿತ್ತಾ?"

"ನಿನ್ನ ಮನಸ್ಸು ನೋಯುತ್ತೆ ಅಂತ..."

"ಈಗ ತಣ್ಣಗಿದ್ಯಾ ಮನಸ್ಸು?"

ಡಲ್ಸಿ ಅತ್ತಳು. ಇನ್ನು ಯಂತ್ರ ಮುಟ್ಟುವುದಿಲ್ಲ ಎಂದಳು. ಎಲ್ಲರೆದುರು ಹೇಳಿ ಕ್ಷಮೆ ಕೇಳುತ್ತೇನೆ, ಸಂಘದ ಈ ವರ್ಷದ ಸುಗ್ಗಿ ಊಟದ ದಿನವೇ ಹೇಳುತ್ತೇನೆ ಎಂದಳು.

"ನಾನಾಗಿ ಯಾರಿಗೂ ಹೇಳಲ್ಲ. ಮುಚ್ಚಿಟ್ಟವಳು ನೀನು, ನೀನೇ ಬಿಚ್ಚು" ಎಂದು ಮೇವಿಸ್ ಬಕೆಟ್ ಎತ್ತಿಕೊಂಡಳು. ಇನ್ನೊಂದು ಬದಿ ಹಿಡಿಯಲು ಡಲ್ಸಿ ಕೈ ಚಾಚಿದಳು, ಮೇವಿಸ್ ಕೊಡಲಿಲ್ಲ.

ಮನೆಗೆ ಬಂದು ಗಂಡನನ್ನು ಕೇಳಿದಳು, "ಭವನದಲ್ಲಿ ಗುಳಿಗೆ ಹಾಕ್ತಾರೆ ಅಂತ ನಿಮಗೆ ಗೊತ್ತಿತ್ತಾ?"

"ಯಾವ ಗುಳಿಗೆ? ಮಂಡಿದಾ?" ಎಂದ ಪರ್ಸ್ ಪೇಪರಿನಿಂದ ತಲೆಯೆತ್ತಿ. ಮೇವಿಸ್ ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದ ಗಂಡನ ಮುಖವನ್ನು ಹೀಗೆ ಶೋಧಿಸಬೇಕಾಯಿತಲ್ಲ ಎಂದು ಡಲ್ಸಿಯ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮೊದಲು ಥೆಲ್ಮಾಗೆ ಕಾಗದ ಬರೆದಳು: ತಪ್ಪು ನಿಮ್ಮದಲ್ಲ, ನನ್ನ ಪುಡಿಯದು, ಬೈದದ್ದಕ್ಕೆ ಕ್ಷಮಿಸಿ. ಆಮೇಲೆ ಭವನದ ನಲ್ಲಿಯಿಂದ ಬೋರ್ ನೀರು ತುಂಬಿ ತಂದು ಅಡುಗೆಮನೆಯಲ್ಲಿ ಪರೀಕ್ಷೆಗೆ ಕೂತಳು. ಸೋಡಾ ಅರ್ಧ ಮಾಡಿದಳು, ಪೊರೆ ತೆಳುವಾಯಿತು. ನಿಂಬೆ ಉಪ್ಪು ಇಮ್ಮಡಿ ಮಾಡಿದಳು. ಅಂಚಿನಲ್ಲಿ ಮಾತ್ರ ಉಳಿಯಿತು. ಸೋಡಾ ಜೊತೆ ಸೇರಿದರೆ ನಿಂಬೆ ಉಪ್ಪು ಜಗಳವಾಡಿ ನೊರೆಯಾಗಿ ಸತ್ತುಹೋಗುತ್ತದೆ ಎಂದು ಹನ್ನೊಂದನೆಯ ಲೋಟದ ಹೊತ್ತಿಗೆ ಅವಳಿಗೆ ಹೊಳೆಯಿತು. ಎರಡನ್ನೂ ಬೇರೆ ಮಾಡಿ, ನಿಂಬೆ ಉಪ್ಪಿನ ನೀರನ್ನು ಕೊನೆಯಲ್ಲಿ ಜಾಲಾಡಲು ಇಟ್ಟಳು. ಹದಿನಾರನೆಯ ಲೋಟ ಆರಿದ ಮೇಲೂ ಹೊಳೆಯಿತು. ಅವಳು ಹೇಳಿದ್ದ ಹದಿನೈದು ದಿನವೂ ಹಿಡಿಯಲಿಲ್ಲ.

ಸುಗ್ಗಿ ಊಟಕ್ಕೆ ಮೂರು ದಿನ ಮೊದಲು ಡಲ್ಸಿಯಿಂದ ಕಪಾಟು ತೆರೆಸಿ, ಭವನದ ಯಂತ್ರದಲ್ಲಿ ಎಲ್ಲ ಲೋಟಗಳನ್ನೂ ತೊಳೆದಳು. ಮರುದಿನ ತಾನೇ ಹೋಗಿ ನೋಡಿದಳು. ಎಪ್ಪತ್ತೆರಡು ಲೋಟ. ಒಂದರ ಮೇಲೂ ಪೊರೆಯಿಲ್ಲ. ಒಂದೊಂದನ್ನೇ ಕಿಟಕಿಗೆ ಹಿಡಿದು ನೋಡಿದಳು. ಪಕ್ಕದಲ್ಲಿ ತೋರಿಸಲು ಯಾರೂ ಇರಲಿಲ್ಲ. ಹಿತ್ತಲ ನಿಂಬೆ ಮರದಲ್ಲಿ ಎರಡು ಹೊಸ ಚಿಗುರು ಕಂಡವು.

ಊಟದ ದಿನ ಭವನ ತುಂಬಿತ್ತು. ಮಾಂಸ ತುಂಬಿ ಬೇಯಿಸಿದ ಪಾಸ್ಟಿ ಕಡುಬು, ಕುಂಬಳಕಾಯಿಯ ಸ್ಕೋನ್ ಬನ್ನು, ಜಗ್ಗುಗಳಲ್ಲಿ ನಿಂಬೆ ಪಾನಕ. ಮೇವಿಸ್ ಜಗ್ ಹಿಡಿದು ಮೇಜಿಂದ ಮೇಜಿಗೆ ಹೋಗುತ್ತಿದ್ದಳು. ಡಲ್ಸಿ ಗ್ವೆನಿತ್‌ಳ ಎದುರು ಕೂತಿದ್ದಳು, ಹೊಸ ನೀಲಿ ಅಂಗಿಯಲ್ಲಿ.

ಗ್ವೆನಿತ್ ಲೋಟವನ್ನು ಬೆಳಕಿಗೆ ಎತ್ತಿದಳು. "ಎಂದಿನ ಹಾಗೇ ಫಳಫಳ! ನಿಮ್ಮ ಕೈಗುಣಕ್ಕೆ ಏನ್ ಹೇಳೋದು ಮೇವಿಸ್" ಎಂದಳು. ಹೇಳಿ, ಮೇವಿಸ್ ಪಾನಕ ಸುರಿಯಲು ಬಗ್ಗಿದ್ದಾಳೆಂದುಕೊಂಡು, ಅವಳ ಭುಜದ ಮೇಲಿಂದ ಡಲ್ಸಿಯತ್ತ ಕಣ್ಣು ಹೊಡೆದಳು. ಆ ಸಾಲಿನ ಇನ್ನಿಬ್ಬರೂ ಡಲ್ಸಿಯ ಕಡೆ ನೋಡಿ ನಕ್ಕರು.

ಮೇವಿಸ್ ಬಗ್ಗಿರಲಿಲ್ಲ. ಜಗ್ ಹಿಡಿದು ಡಲ್ಸಿಯನ್ನೇ ನೋಡುತ್ತಿದ್ದಳು. ಬಾಯಿ ತೆರೆಯುವುದೂ ಬೇಡ, ಈ ಸಲದ ಹೊಳಪು ನನ್ನದಲ್ಲ ಎಂದು ಒಂದು ಸಲ ತಲೆಯಾಡಿಸಿದ್ದರೆ ಆಗುತ್ತಿತ್ತು. ಡಲ್ಸಿ ಅತ್ತ ನೋಡಿದಳು, ಇತ್ತ ನೋಡಿದಳು. ಆಮೇಲೆ ಗ್ವೆನಿತ್‌ಗೆ ಸಣ್ಣಗೆ ನಕ್ಕಳು.

"ಡಲ್ಸಿ, ಏನೋ ಹೇಳ್ಬೇಕು ಅಂತಿದ್ಯಲ್ಲ" ಎಂದಳು ಮೇವಿಸ್.

"ಆಮೇಲೆ ಕಣೇ. ಎಲ್ಲರ ಊಟ ಆಗ್ಲಿ" ಎಂದಳು ಡಲ್ಸಿ, ತಟ್ಟೆ ನೋಡುತ್ತ.

ಊಟವಾಯಿತು. ಹಾಡಾಯಿತು. ಜನ ಎದ್ದು ಹೋದರು. ಮೇವಿಸ್ ಎಂದಿನಂತೆ ಫಿಲ್ಟರ್ ಬಿಚ್ಚಿ ತಿಕ್ಕಿದಳು, ರಬ್ಬರ್ ಒರೆಸಿದಳು, ಪಾತ್ರೆ ತುಂಬಿ ಯಂತ್ರ ಓಡಿಸಿ, ಬಾಗಿಲನ್ನು ಗೇಣು ತೆರೆದಿಟ್ಟಳು. ಡಲ್ಸಿ ಚೀಲ ಹೆಗಲಿಗೇರಿಸಿ ಬಂದು ನಿಂತಳು.

"ಇವತ್ತು ಆಗ್ಲಿಲ್ಲ. ಅಷ್ಟು ಜನ ಇದ್ರು ನೋಡು. ಮುಂದಿನ ಗುರುವಾರ ಖಂಡಿತ."

ಮೇವಿಸ್ ಕೈ ಒರೆಸಿಕೊಂಡು ಅಂಗೈ ಚಾಚಿದಳು. "ಕಪಾಟಿನ ಬೀಗದ ಕೈ ಕೊಡು. ನಾಳೆ ಶುಕ್ರವಾರ, ಪರ್ಸ್ ಒಬ್ರೇ ಬಸ್ಸಲ್ಲಿ ಹೋಗ್ತಾರೆ. ಲೋಟ ನಾನೇ ಎತ್ತಿಡ್ತೀನಿ."

ಡಲ್ಸಿಯ ಮುಖ ಸಣ್ಣದಾಯಿತು. "ಗುಳಿಗೆ ಮುಟ್ಟಲ್ಲ ಅಂದ್ನಲ್ಲ. ನನ್ನ ಮೇಲೆ ನಂಬಿಕೆ ಇಲ್ವೇನೇ?"

ಹಿಂದಿನ ಮೇವಿಸ್ ಆಗಿದ್ದರೆ, ಹುಚ್ಚಿ ನೀನು ಎಂದು ಬೈದು ಕೈ ಹಿಂದೆಗೆಯುತ್ತಿದ್ದಳು. ಈಗಿನ ಮೇವಿಸ್ ಹಿಂದೆಗೆಯಲಿಲ್ಲ. ಬಿರುಕಿನ ಗೆರೆಗಳು ಇನ್ನೂ ಉಳಿದಿದ್ದ ಅಂಗೈಯನ್ನು ಚಾಚಿಕೊಂಡೇ ನಿಂತಳು, ಡಲ್ಸಿ ಚೀಲದಲ್ಲಿ ಹುಡುಕಿ ಬೀಗದ ಕೈ ತೆಗೆದು ಅದರ ಮೇಲಿಡುವವರೆಗೂ.